ಕುಬ್ಜಾ ನೌಕೆ ನಿಂತ ಮೇಲೆ

ಜನವರಿ ೧೩, ಸೋಮವಾರ

ತಮ್ಮ ಹೃಷಿಯನ್ನು ಇವತ್ತು ಐಸಿಯುನಿಂದ ವಾರ್ಡಿಗೆ ತಂದರು. ಜೀವಕ್ಕೆ ಅಪಾಯವಿಲ್ಲವಂತೆ. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ, ಬಲಗಾಲು ಸೋತಿವೆ. ಮಾತು ಹೋಗಿದೆ. ಮೂವತ್ತಾರು ವರ್ಷದವನಿಗೆ ಲಕ್ವ ಹೊಡೆಯುತ್ತದೆ ಎಂದು ಯಾರು ಎಣಿಸುತ್ತಾರೆ?

"ನಾವ್ ಹೇಳೂದ್ ಅವ್ನಿಗೆ ಅರ್ಥ ಆತ್ತಾ ಡಾಕ್ಟ್ರೇ?" ಎಂದು ಕೇಳಿದೆ.

"ಸುಮಾರಿಗೆ ಆಗ್ತದೆ. ಹೊರಗೆ ಹೇಳ್ಲಿಕ್ಕೆ ಶಬ್ದ ಸಿಗೂದಿಲ್ಲ. ಟೈಮ್ ಬೇಕು."

ಎಷ್ಟು ಟೈಮ್ ಎಂದು ಅವರು ಹೇಳಲಿಲ್ಲ. ಕುಂದಾಪುರದಲ್ಲಿ ಅವನು ಕೆಲಸ ಮಾಡುವ ಫ್ಲೆಕ್ಸ್ ಅಂಗಡಿಯ ಸುಧಾಕರ ಬಂದಿದ್ದ. "ಅಕ್ಕ, ಕೆಲ್ಸದ್ ಚಿಂತಿ ಬ್ಯಾಡ. ಅವ್ನ್ ಕುರ್ಚಿ ಹಾಂಗೇ ಇರತ್ತ್" ಎಂದ. ಮಳೆಗಾಲದೊಳಗೆ ಇವನು ಆ ಕುರ್ಚಿಯಲ್ಲಿ ಕೂರಬೇಕು. ಕೂರಿಸುತ್ತೇನೆ.

ನಾನು ಕೆಲಸ ಮಾಡುವ ಕೋಟದ ಸೊಸೈಟಿಗೆ ರಜೆ ಹೇಳಿದ್ದೇನೆ. ಕಾರಿಡಾರಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಹೊರಟರೆ ಅಳು ಬರುತ್ತದೆ, ಬರೆದರೆ ಬರುವುದಿಲ್ಲ.

ಜನವರಿ ೧೭, ಶುಕ್ರವಾರ

ಬೆಳಿಗ್ಗೆಯಿಂದ ಹೃಷಿಯ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಎಲ್ಲ ಇವನ ಚಿತ್ರಕಥೆಯ ಓದುಗರು.

ಕೆಲಸ ಮುಗಿಸಿ ಬಂದು ಟ್ಯಾಬಿನ ಮೇಲೆ ಬಗ್ಗಿ ಇವನು ಆರು ವರ್ಷದಿಂದ ಚಿತ್ರ ಬಿಡಿಸಿ ಬರೆಯುತ್ತಿರುವ ಕಥೆ. 'ಕುಬ್ಜಾ' ಎಂಬ ಪುಟ್ಟ ಬಾಹ್ಯಾಕಾಶ ನೌಕೆ, ಅದರಲ್ಲಿ ಕಪ್ತಾನಿ ಸುಗಂಧಿ, ರಿಪೇರಿಯ ಸೂರ, ಇಬ್ಬರೇ. ಪ್ರತಿ ಶುಕ್ರವಾರ ಒಂದು ಪುಟ ಇಂಟರ್ನೆಟ್ಟಿಗೆ ಹಾಕುತ್ತಾನೆ. ನಾನು ಒಂದೆರಡು ಪುಟ ನೋಡಿದ್ದುಂಟು, ಪೂರ್ತಿ ಓದಿದವಳಲ್ಲ. ಆಕಾಶದಲ್ಲಿ ತೇಲುವವರ ಸುದ್ದಿ ಕಟ್ಟಿಕೊಂಡು ಆಗಬೇಕಾದದ್ದೇನು?

"ಈ ವಾರವೂ ಇಲ್ವಾ?" "ನಡುನೀರಲ್ಲಿ ಕೈಬಿಟ್ರಾ ಸರ್?" "ಮುಂದೇನು ಅಂತ ಅವರಿಗೇ ಗೊತ್ತಿಲ್ಲ ಅನ್ಸುತ್ತೆ." ಹೀಗೇ ನೂರಾರು. ಪಕ್ಕದ ಮಂಚದಲ್ಲಿ ಇವನ ಬಾಯಿಯಿಂದ ಜೊಲ್ಲು ಇಳಿಯುತ್ತಿತ್ತು. ಒರೆಸಿ, ಫೋನಿನ ಶಬ್ದ ಬಂದ್ ಮಾಡಿದೆ.

ಜನವರಿ ೨೨, ಬುಧವಾರ

ಹೃಷಿ ಹಗಲೆಲ್ಲ ನಿದ್ದೆ ಮಾಡುತ್ತಾನೆ. ಮಾಡಲು ಬೇರೆ ಏನೂ ಇಲ್ಲದೆ ಅವನ ಕಥೆಯನ್ನು ಮೊದಲಿನಿಂದ ಓದಿದೆ.

ಸುಗಂಧಿ ಒರಟು ಹೆಂಗಸು, ಸೂರನಿಗೆ ಬೈಯುತ್ತಲೇ ಇರುತ್ತಾಳೆ. ಅವಳ ಮೂಗು ನನ್ನದರ ಹಾಗಿದೆ. ಕೊನೆಗೆ ಹಾಕಿದ ಪುಟದಲ್ಲಿ ಸೂರ ಆಂಟೆನಾ ರಿಪೇರಿಗೆ ನೌಕೆಯ ಹೊರಗೆ ಹೋಗಿದ್ದಾನೆ. ಅವನನ್ನು ನೌಕೆಗೆ ಕಟ್ಟಿದ ಹಗ್ಗ ತುಂಡಾಗಿದೆ. ಅವನು ದೂರ ಹೋಗುತ್ತಿದ್ದಾನೆ, ಸುಗಂಧಿ ಒಳಗಿನಿಂದ ಗಾಜಿಗೆ ಅಂಗೈ ಒತ್ತಿ ನಿಂತಿದ್ದಾಳೆ. ಇಬ್ಬರ ನಡುವಿನ ಕತ್ತಲೆಯಲ್ಲಿ ದೊಡ್ಡದಾಗಿ ಒಂದೇ ಶಬ್ದ, ನಮ್ಮ ಕಡೆ ಯಾರನ್ನಾದರೂ ಕರೆಯುವ 'ಹ್ವಾಯ್!' ಕೂಗಿದ್ದು ಅವನೋ ಅವಳೋ ಗೊತ್ತಾಗುವುದಿಲ್ಲ.

ಅಲ್ಲಿಗೆ ನಿಂತಿದೆ. ಅದು ಜನವರಿ ಮೂರನೆಯ ತಾರೀಕಿನ ಪುಟ. ಮುಂದಿನ ಶುಕ್ರವಾರದ ಬೆಳಿಗ್ಗೆ ಇವನು ಬಚ್ಚಲಲ್ಲಿ ಬಿದ್ದ.

ಜನವರಿ ೩೧, ಶುಕ್ರವಾರ

ಮನೆಗೆ ಬಂದು ನಾಲ್ಕು ದಿನವಾಯಿತು. ಬ್ರಹ್ಮಾವರದಲ್ಲಿ ಮಾತಿನ ಚಿಕಿತ್ಸೆ ಮಾಡುವ ಶರ್ಮಿಳಾ ಎಂಬ ಹುಡುಗಿ ಇದ್ದಾಳೆ. ವಾರಕ್ಕೆರಡು ಸಲ ನಾಗನ ರಿಕ್ಷಾದಲ್ಲಿ ಸಾಲಿಗ್ರಾಮದಿಂದ ಅಲ್ಲಿಗೆ ಹೋಗಿಬರುವುದು ಎಂದಾಗಿದೆ.

"ಅವ್ರಿಗೆ ಇಷ್ಟ ಇದ್ದದ್ದ್ ಮಾತಾಡಿ ಅಕ್ಕ. ಬರೀ ಮದ್ದ್, ಊಟ ಅಂದ್ರೆ ಅವ್ರಿಗೂ ಬೇಜಾರ್ ಆತ್ತ್" ಎಂದಳು ಅವಳು.

ಇಷ್ಟ ಇದ್ದದ್ದು ಎಂದರೆ ಆ ಕಥೆ. ಸಂಜೆ ಅವನ ಓದುಗರು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಅಬ್ಬಾ, ಎಂಥ ಜಗಳ! 'ಗಗನಸಖಿ' ಎಂಬ ಹೆಸರಿನವಳು ಹೇಳುತ್ತಾಳೆ: ಸೂರನ ಕೈಯಲ್ಲಿ ಸಲಕರಣೆಯ ಪೆಟ್ಟಿಗೆ ಇದೆ, ಅದನ್ನು ಜೋರಾಗಿ ಆಚೆ ಎಸೆದರೆ ಅವನು ಈಚೆಗೆ, ನೌಕೆಯ ಕಡೆಗೆ ಬರುತ್ತಾನೆ. 'ಬೈಂದೂರು ಭೌತ' ಎಂಬುವನು ಅದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟಿದ್ದಾನೆ. ಪೆಟ್ಟಿಗೆಯ ತೂಕ ಸಾಲದು, ಅವನ ಓಟ ತುಸು ನಿಧಾನವಾದೀತು ಅಷ್ಟೆ. ತಡೆಯಲು ಅಲ್ಲಿ ಗಾಳಿ ಇಲ್ಲ, ಆದ್ದರಿಂದ ಹೋಗುತ್ತಲೇ ಇರುತ್ತಾನೆ. ಅದೂ ಸಾಲದೆಂದು, ಗಾಳಿಯೇ ಇಲ್ಲದ ಕಡೆ 'ಹ್ವಾಯ್' ಎಂದು ಕೂಗಿದರೆ ಕೇಳುವುದೆಲ್ಲಿ, ಆಂಟೆನಾ ಹಾಳಾಗಿರುವಾಗ ರೇಡಿಯೋ ಕೂಡ ಇಲ್ಲ, ಇಂಥ ತಪ್ಪು ಈ ಲೇಖಕರಿಂದ ನಿರೀಕ್ಷಿಸಿರಲಿಲ್ಲ ಎಂದು ಬರೆದಿದ್ದಾನೆ. ಈ ಲೆಕ್ಕದವನನ್ನು ಕಂಡರೆ ನನಗಾಗುವುದಿಲ್ಲ.

ಹೃಷಿ ಕಣ್ಣು ಮಿಟುಕಿಸದೆ ಕೇಳಿದ. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಅವನು ಇದ್ದ.

ಫೆಬ್ರವರಿ ೪, ಮಂಗಳವಾರ

ಹೃಷಿ ಉತ್ತರ ಕೊಟ್ಟ! "ಸೂರ ಬದ್ಕ್ತ್ನಾ ಮಾಣಿ?" ಎಂದು ಕೇಳಿದೆ. "ಹ್ಞೂ" ಎಂದು ತಲೆಯಾಡಿಸಿದ. "ಸುಗಂಧಿ ನೌಕೆ ತಿರ್ಗ್ಸತ್ಳಾ?" "ಹ್ಞೂ."

ಖುಷಿ ತಡೆಯಲಾಗಲಿಲ್ಲ. ಅವನದೇ ಹೆಸರಿನಿಂದ ಅಲ್ಲಿ ಬರೆದುಬಿಟ್ಟೆ: 'ಸೂರ ಬದುಕುತ್ತಾನೆ. ಸ್ವಲ್ಪ ತಾಳ್ಮೆ ಇರಲಿ.' ಎಷ್ಟು ಜನ ಹೂವು, ದೀಪ, ಕೈಮುಗಿದ ಚಿತ್ರ ಕಳಿಸಿದರು! ಇವನಿಗೆ ತೋರಿಸಿದೆ. "ಹ್ಞೂ" ಎಂದ.

ಫೆಬ್ರವರಿ ೬, ಗುರುವಾರ

ಶರ್ಮಿಳಾ ಇವತ್ತು ಅವನ ಎದುರು ಒಂದು ಬಾಳೆಹಣ್ಣು ಇಟ್ಟಳು. "ಇದ್ ಬಾಳೆಹಣ್ಣಾ?" "ಹ್ಞೂ." "ಇದ್ ಚಪ್ಲಿಯಾ?" "ಹ್ಞೂ." "ನಿಮ್ಮ್ ಹೆಸ್ರ್ ಶಾಮರಾಯನಾ?" ಅದು ಅಪ್ಪನ ಹೆಸರು. "ಹ್ಞೂ."

ಹೊರಗೆ ಬಂದು ನನಗೆ ಹೇಳಿದಳು: "ಬೇಜಾರ್ ಮಾಡ್ಬೇಡಿ ಅಕ್ಕ. ಈಗ ಅವ್ರ್ ಬಾಯಲ್ಲಿ ಬಪ್ಪುದ್ ಅದೊಂದೇ. ಹೌದು ಅಂದದ್ದೂ ಅಲ್ಲ, ಅಲ್ಲ ಅಂದದ್ದೂ ಅಲ್ಲ."

ಬರುವಾಗ ದಾರಿಯುದ್ದಕ್ಕೂ ನಾಗ ಏನೋ ಹೇಳುತ್ತಿದ್ದ. ಕೇಳಿಸಲಿಲ್ಲ.

ಫೆಬ್ರವರಿ ೭, ಶುಕ್ರವಾರ

ಬರೆಯಲು ಏನೂ ಇಲ್ಲ.

ಫೆಬ್ರವರಿ ೧೬, ಭಾನುವಾರ

ಬೈಂದೂರಿನ ಆ ಲೆಕ್ಕದವನು ಹೃಷಿಯ ಫೋನಿಗೆ ಖಾಸಗಿಯಾಗಿ ಬರೆದಿದ್ದಾನೆ. ಇಲ್ಲಿ ಇದ್ದ ಹಾಗೆ ಇಳಿಸುತ್ತೇನೆ.

'ಕ್ಷಮಿಸಿ. ಸೂರ ಬದುಕುತ್ತಾನೆ ಅಂತ ಬರೆದದ್ದು ನೀವಲ್ಲ. ಆರು ವರ್ಷದಲ್ಲಿ ನೀವು ಒಬ್ಬರಿಗೂ ಮುಂದೇನು ಅಂತ ಹೇಳಿದವರಲ್ಲ. ನಾನು ಎಷ್ಟು ಕೆಣಕಿದರೂ ಹೇಳಲಿಲ್ಲ. ನಿಮಗೆ ಏನಾಗಿದೆ?'

ಅಷ್ಟು ಜನ ಕುಣಿದಾಡಿದರು, ಇವನೊಬ್ಬನಿಗೆ ಗೊತ್ತಾಯಿತು. ಉತ್ತರ ಕೊಡಬಾರದೆಂದಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಕೊಟ್ಟೆ. ಆದದ್ದನ್ನೆಲ್ಲ ಬರೆದೆ.

ಫೆಬ್ರವರಿ ೨೩, ಭಾನುವಾರ

ಅವನು ಬಂದ. ಮನೀಶ್ ಎಂದು ಹೆಸರು. ಬೈಂದೂರಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುತ್ತಾನೆ. ಮುಖ್ಯರಸ್ತೆಯಲ್ಲಿ ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದ. ನಾನು ಕನ್ನಡಕದ ನಡುವಯಸ್ಸಿನವನನ್ನು ಎಣಿಸಿಕೊಂಡಿದ್ದೆ. ಮೀಸೆ ಕೂಡ ಸರಿ ಮೂಡದ ಹುಡುಗ, ಮೂವತ್ತೂ ಆಗಿರಲಿಕ್ಕಿಲ್ಲ.

ಚಾವಡಿಯಲ್ಲಿ ಹೃಷಿಯನ್ನು ಕಂಡು ನಿಂತವನು ನಿಂತೇ ಇದ್ದ. "ಕೂಕಣಿ" ಎಂದೆ. ಕೂತ. ಕಣ್ಣು ತುಂಬಿತ್ತು.

"ಸರ್, ನಾನೇ ನಿಮ್ಗೆ ಕಾಟ ಕೊಡೂ ಜನ. ಬೈಂದೂರ್ ಭೌತ."

ಹೃಷಿ "ಹ್ಞೂ" ಎಂದ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದೆ.

ಹೋಗುವಾಗ ಹೊರಗೆ ಚಪ್ಪಲಿ ಹಾಕುತ್ತ, "ಅಕ್ಕ, ಬಪ್ಪು ಆಯ್ತಾರವೂ ಬರ್ಲಾ?" ಎಂದು ಕೇಳಿದ. ಬರಲಿ. ಬಂದರೆ ಹೃಷಿಯನ್ನು ಎಬ್ಬಿಸಿ ಕೂರಿಸಲು ನನಗೂ ಒಂದು ಕೈ ಸಿಕ್ಕಿದ ಹಾಗಾಯಿತು.

ಮಾರ್ಚ್ ೯, ಭಾನುವಾರ

ಮನೀಶ್ ಮೂರನೆಯ ಸಲ ಬಂದ. ಓದುಗರ ವಾದವನ್ನು ಹೃಷಿಗೆ ಅವನೇ ಓದಿ ಹೇಳುತ್ತಾನೆ, ನಾನು ಒಳಗಿನಿಂದ ಕೇಳುತ್ತೇನೆ. ಇವತ್ತು ತೆಂಗಿನಕಾಯಿ ತುರಿಯುತ್ತಿದ್ದವಳು ಎದ್ದು ಹೋಗಿ ಕೇಳಿದೆ: ಸೂರ ಹೊರಟ ವೇಗ ನಡೆದು ಹೋಗುವಷ್ಟೇ ಆದರೆ, ನೌಕೆ ಅವನ ಹಿಂದೆ ನಿಧಾನಕ್ಕೆ ಹೋಗಬಾರದೇಕೆ? ಸುಗಂಧಿಗೆ ಮನಸ್ಸು ಬರುವುದಿಲ್ಲವೇ?

"ಹೋಪುಕ್ ಅಡ್ಡಿ ಇಲ್ಲೆ ಅಕ್ಕ. ಆದ್ರೆ ಇಂಧನ ಖರ್ಚಾದ್ರೆ ಮನಿಗೆ ತಿರ್ಗಿ ಬಪ್ಪುಕಾತಿಲ್ಲೆ. ಹದಿನೆಂಟ್ನೇ ಅಧ್ಯಾಯದೊಳ್ಗೆ ಸರ್ರೇ ಹೇಳಿರಲೆ."

"ಹಾಂಗಾರೆ ಅವ್ಳ್ ತಿರ್ಗಿ ಬಪ್ಪುದೇ ಬ್ಯಾಡ" ಎಂದೆ. ಮನೀಶ್ ನನ್ನನ್ನು ನೋಡಿದ. ನನ್ನ ಕೈಯಲ್ಲಿ ತುರಿದ ಕಾಯಿ ಹಾಗೇ ಇತ್ತು. ಒಳಗೆ ಬಂದೆ.

ಮಾರ್ಚ್ ೧೬, ಭಾನುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಮನೀಶ್ ಎಂದಿನಂತೆ ಓದುತ್ತಿದ್ದ. 'ಹ್ವಾಯ್' ಎಂಬ ಆ ಶಬ್ದದ ವಿಷಯ ಬಂತು. ಯಾರೋ ಒಬ್ಬರು, ಹೆಲ್ಮೆಟ್ಟಿನೊಳಗೆ ಸೂರನಿಗೆ ಅವನದೇ ಕೂಗು ಕೇಳಿಸಿರಬಹುದು ಎಂದಿದ್ದರು.

"ಆತಿಲ್ಲೆ ಸರ್" ಎಂದ ಮನೀಶ್. ವಾದಕ್ಕಿಳಿದರೆ ಅವನಿಗೆ ಎದುರಿಗಿದ್ದವರ ಕಾಯಿಲೆ ನೆನಪಿರುವುದಿಲ್ಲ. "ಹೆಲ್ಮೆಟ್ಟಿನೊಳ್ಗೆ ಅಂದ್ರೆ ಶಬ್ದ ಒಳ್ಗೇ ಕಾಣ್ಕ್. ನೀವ್ ಬರ್ದದ್ದ್ ಹೊರ್ಗೆ, ಖಾಲಿ ಜಾಗದಲ್ಲಿ. ಅದ್ ತಪ್ಪೇ. ನೀವ್ ಒಪ್ಕಣ್ಕ್."

"ಅಲ್ಲ!"

ಮೊದಲು ಹೊರಗೆ ಯಾರೋ ಕೂಗಿದರು ಎಂದುಕೊಂಡೆ. ಹೃಷಿಯ ಮುಖ ಕೆಂಪಾಗಿತ್ತು, ಎಡಗೈ ಕುರ್ಚಿಯ ತೋಳನ್ನು ಹಿಡಿದಿತ್ತು.

"ಅಲ್ಲ" ಎಂದ ಮತ್ತೆ. ಆಮೇಲೆ ಶಬ್ದ ಹುಡುಕಿದ, ಬಾಯಿ ತೆರೆದು ಮುಚ್ಚಿದ, ಸಿಗಲಿಲ್ಲ. ಎಡಗೈಯನ್ನು ಬಾಯಿಯ ಹತ್ತಿರ ತಂದು ಬೇಡವೆಂಬಂತೆ ಅಲ್ಲಾಡಿಸಿದ. ಆಮೇಲೆ ಎದೆಯ ಮೇಲಿಟ್ಟುಕೊಂಡ. ಅಲ್ಲಿಯೇ ಎರಡು ಸಲ ತಟ್ಟಿದ.

ಮನೀಶನಿಗಿಂತ ಮೊದಲು ನನಗೆ ಅರ್ಥವಾಯಿತು. "ಕೂಗಿದ್ದೇ ಅಲ್ದಾ ಮಾಣಿ? ಬಾಯಿಂದ ಬಂದದ್ದೇ ಅಲ್ದಾ? ಒಳ್ಗೇ ಉಳ್ದದ್ದಾ?"

ಅವನು ಕಣ್ಣು ಮುಚ್ಚಿ ತೆರೆದ. ಕೆನ್ನೆಯ ಮೇಲೆ ನೀರಿಳಿಯಿತು. ಮನೀಶ್ ಎದ್ದು ಅವನ ಎಡಗೈ ಹಿಡಿದುಕೊಂಡು, "ತಪ್ಪ್ ನನ್ದ್ ಸರ್, ತಪ್ಪ್ ನನ್ದ್" ಎಂದು ಹೇಳುತ್ತಲೇ ಇದ್ದ.

ಶರ್ಮಿಳಾಗೆ ಫೋನ್ ಮಾಡಿದೆ. "ಅಲ್ಲ ಅಂದ್ರಾ? ಸಿಟ್ಟ್ ಮಾಡ್ಕಂಡಾ? ಅಕ್ಕ, ಅದ್ ಭಾರೀ ಒಳ್ಳೇದ್" ಎಂದು ಅವಳೂ ಕೂಗಿದಳು.

ಮಾರ್ಚ್ ೩೦, ಭಾನುವಾರ, ಯುಗಾದಿ

'ಅಲ್ಲ' ಬಂದ ಮೇಲೆ 'ಹ್ಞೂ' ಹೋಗಿ 'ಹೌದು' ಬಂದಿದೆ. ಶರ್ಮಿಳಾ ಚಪ್ಪಲಿ ತೋರಿಸಿ ಬಾಳೆಹಣ್ಣಾ ಎಂದರೆ ನಗುತ್ತಾನೆ. 'ಇಲ್ಲೆ', 'ಬ್ಯಾಡ', 'ಅಕ್ಕ', 'ನೀರ್' ಇಷ್ಟಿವೆ. ಈ ಹಬ್ಬಕ್ಕೆ ಬೇರೆ ಸಿಹಿ ಬೇಕಿಲ್ಲ.

ಮನೀಶ್ ಹಬ್ಬದ ಊಟಕ್ಕೆ ಬಂದಿದ್ದ. ಊಟವಾದ ಮೇಲೆ ಓದುಗರ ಊಹೆಗಳನ್ನೆಲ್ಲ ಒಂದೊಂದಾಗಿ ಕೇಳುತ್ತ ಹೋದೆವು. ಪೆಟ್ಟಿಗೆ ಎಸೆದು ಬರುತ್ತಾನಾ? ಅಲ್ಲ. ಸುಗಂಧಿ ನೌಕೆ ತಿರುಗಿಸುತ್ತಾಳಾ? ಅಲ್ಲ. ಬೇರೆ ನೌಕೆ ಬರುತ್ತದಾ? ಅಲ್ಲ. ಸೂರ ಸಾಯುತ್ತಾನಾ? ಇದನ್ನು ಮನೀಶ್ ಕೇಳಿದ, ಮೆಲ್ಲಗೆ. ಅದಕ್ಕೂ ಹೃಷಿ "ಅಲ್ಲ" ಎಂದ.

ಊಹೆಗಳು ಮುಗಿದವು. ಆಗ ನನಗೆ ಏನನಿಸಿತೋ, "ಮಾಣಿ, ಮುಂದೆ ಎಂತ ಅಂದೇಳಿ ನಿಂಗ್ ಗೊತ್ತಿತ್ತಾ?" ಎಂದೆ.

ಅವನು ನನ್ನನ್ನೇ ನೋಡಿದ. "ಇಲ್ಲೆ."

ಮರೆತುಹೋಗಿದೆಯೋ, ಆ ಪುಟ ಬರೆದಾಗಲೂ ಗೊತ್ತಿರಲಿಲ್ಲವೋ, ಅದನ್ನು ಹೇಳುವಷ್ಟು ಮಾತು ಅವನಲ್ಲಿ ಇಲ್ಲ, ಬಿಡಿಸಿ ಕೇಳುವ ಧೈರ್ಯ ನನ್ನಲ್ಲಿ ಇಲ್ಲ. ಅಷ್ಟು ಜನ ಅಲ್ಲಿ ಹೊಡೆದಾಡುತ್ತಿದ್ದಾರೆ, ಉತ್ತರ ಇವನ ಹತ್ತಿರ ಇದೆ ಎಂದು ನಂಬಿ. ಮನೀಶ್ ಅಂಗಳಕ್ಕೆ ಹೋಗಿ ನಿಂತ. ನಾನು ಎಲೆ ತೆಗೆದು ನೆಲ ಸಾರಿಸಿದೆ.

"ಅವ್ರಿಗೆಲ್ಲ ಹೇಳ್ಕಾ ಮಾಣಿ, ನಿಂಗ್ ಹುಷಾರಿಲ್ಲೆ ಅಂದೇಳಿ?" ಎಂದು ಆಮೇಲೆ ಕೇಳಿದೆ.

"ಬ್ಯಾಡ."

ಏಪ್ರಿಲ್ ೯, ಬುಧವಾರ

ಸೊಸೈಟಿಯಿಂದ ಬರುವಾಗ ಟ್ಯಾಬು ಅವನ ಮಡಿಲಲ್ಲಿತ್ತು. ಹಗಲು ನೋಡಿಕೊಳ್ಳಲು ಬರುವ ಸುಂದರಿಯೇ ಕಪಾಟಿನಿಂದ ತೆಗೆದುಕೊಟ್ಟಳಂತೆ. "ಕೈ ತೋರ್ಸಿ ಕೇಂಡ್ರ್, ಕೊಟ್ಟೆ" ಎಂದಳು. ಎಡಗೈಯಲ್ಲಿ ಪೆನ್ನು. ಪರದೆಯ ಮೇಲೆ ಇರುವೆ ಮಸಿಗೆ ಬಿದ್ದು ಓಡಿದಂಥ ಗೆರೆ.

ಏಪ್ರಿಲ್ ೧೧, ಶುಕ್ರವಾರ

ಪೆನ್ನು ಎಸೆದ. ಹುಡುಕಿ ಕೊಟ್ಟೆ. ಮತ್ತೆ ಎಸೆದ. ಸುಮ್ಮನೆ ಅಲ್ಲಿಯೇ ಬಿಟ್ಟೆ.

ಏಪ್ರಿಲ್ ೧೨, ಶನಿವಾರ

ಬೆಳಿಗ್ಗೆ ನೋಡುವಾಗ ಪೆನ್ನು ಅವನ ಕೈಯಲ್ಲಿತ್ತು. ಕೋಲೂರಿ ತಾನೇ ಎದ್ದು ಹೆಕ್ಕಿಕೊಂಡಿರಬೇಕು. ನಾನು ಕೇಳಲಿಲ್ಲ.

ಏಪ್ರಿಲ್ ೨೨, ಮಂಗಳವಾರ

ಸುಧಾಕರ ಫೋನ್ ಮಾಡಿ ಕುರ್ಚಿಯ ವಿಷಯ ಎತ್ತಿದ. ಬೇರೆ ಒಬ್ಬನನ್ನು ಇಟ್ಟುಕೊಳ್ಳಬೇಕಾಗಿದೆಯಂತೆ, ಹೇಳಲು ಅವನಿಗೇ ಸಂಕಟ. "ಇಟ್ಕಣಿ ಸುಧಾಕರ, ಪಾಪ ನಿಮ್ಗೂ ಕೆಲ್ಸ ಆಯ್ಕಲೆ" ಎಂದೆ. ಫೋನಿಟ್ಟು, ಹೃಷಿ ನೌಕೆಯ ಕಿಟಕಿಗೆ ಗೆರೆ ಎಳೆಯುವುದನ್ನು ನೋಡುತ್ತ ಕೂತೆ. ಒಂದು ಕಿಟಕಿಗೆ ಇಡೀ ಸಂಜೆ ಹಿಡಿಯಿತು. ಒಲೆಯ ಮೇಲಿನ ಹಾಲು ಉಕ್ಕಿಹೋಯಿತು.

ಮೇ ೯, ಶುಕ್ರವಾರ

ಇವತ್ತು ಕುಬ್ಜಾದ ಹೊಸ ಪುಟ ಹಾಕಿದೆವು. ಒತ್ತಬೇಕಾದ ಗುಂಡಿಯನ್ನು ಅವನೇ ಒತ್ತಿದ.

ಒಂದೇ ಚಿತ್ರ. ದೂರದಲ್ಲಿ ಕಡಲೆಕಾಳಿನಷ್ಟು ನೌಕೆ, ಅದರಲ್ಲಿ ಬೆಳಕಿರುವ ಒಂದು ಕಿಟಕಿ. ಮುಂದುಗಡೆ, ತೀರ ಹತ್ತಿರದಲ್ಲಿ, ಕೈಗವಸು ಹಾಕಿದ ಒಂದು ಕೈ ಆ ಕಡೆಗೆ ಚಾಚಿದೆ. ಮಾತಿಲ್ಲ, ಅಕ್ಷರವಿಲ್ಲ. ಅಕ್ಷರ ಬರೆಯಲು ಅವನಿಗೆ ಇನ್ನೂ ಆಗುವುದಿಲ್ಲ. ಗೆರೆಗಳೆಲ್ಲ ನಡುಗಿವೆ.

ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಫೋನು ಟಿಣ್ ಟಿಣ್ ಎನ್ನತೊಡಗಿತು. ಶಬ್ದ ಜೋರು ಮಾಡಿ ಇಬ್ಬರ ನಡುವೆ ಇಟ್ಟೆ.

ಮೇ ೧೧, ಭಾನುವಾರ

ಗೆರೆ ಯಾಕೆ ನಡುಗಿದೆ ಎಂಬುದರ ಮೇಲೆಯೇ ಎರಡು ದಿನದಿಂದ ಜಗಳ. ಮನೀಶ್ ಬಂದು ಎಲ್ಲ ಓದಿದ. ನೌಕೆಗೆ ಏನೋ ಬಡಿದು ಅದು ಕಂಪಿಸುತ್ತಿದೆ ಎಂದು ಒಬ್ಬರು. ಹೆಲ್ಮೆಟ್ಟಿನ ಗಾಜಿಗೆ ಹಿಮ ಕಟ್ಟಿದೆ ಎಂದು ಇನ್ನೊಬ್ಬರು. ಇದು ಸೂರನ ಕಣ್ಣಿಗೆ ಕಂಡ ನೋಟ, ಪ್ರಾಣವಾಯು ಕಡಿಮೆಯಾದರೆ ಕಣ್ಣಿಗೆ ಹೀಗೇ ಕಾಣುತ್ತದೆ, ಇಷ್ಟು ವಾಸ್ತವವಾಗಿ ಯಾರೂ ಬರೆದದ್ದಿಲ್ಲ ಎಂದು ಮತ್ತೊಬ್ಬರು. ಒಬ್ಬಾತ ಮಾತ್ರ, 'ಚೆನ್ನಾಗಿಲ್ಲ, ಹಳೆಯ ಹಾಗೆ ಬರೆಯಿರಿ' ಎಂದಿದ್ದ. ಅದನ್ನು ಹಾರಿಸಿಬಿಡು ಎಂದು ನಾನು ಸನ್ನೆ ಮಾಡಿದರೂ ಮನೀಶ್ ಓದಿದ.

"ಇದ್ರಂಗೆ ಯಾವ್ದ್ ಸರಿ ಸರ್?"

ಹೃಷಿ ಎಲ್ಲದಕ್ಕೂ "ಅಲ್ಲ" ಎಂದ. ಎಡಗೈ ಎತ್ತಿ ನಮ್ಮಿಬ್ಬರ ಮುಖದ ಎದುರು ಹಿಡಿದ. ಅದು ಸ್ವಲ್ಪ ನಡುಗುತ್ತಿತ್ತು. "ಇದ್" ಎಂದು ಹೇಳಿ ನಕ್ಕ. ಭುಜ ಕುಲುಕುವಷ್ಟು ನಕ್ಕ. ಮನೀಶನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ, ಆಮೇಲೆ ಅವನೂ ನಕ್ಕ.

ನಗು ನಿಂತ ಮೇಲೆ ಹೃಷಿ ಫೋನನ್ನು ನನ್ನ ಕಡೆಗೆ ದೂಡಿದ. "ಅಕ್ಕ. ಹೇಳ್."

"ಎಂತ ಹೇಳೂದ್? ಎಲ್ಲಾ ಹೇಳ್ಕಾ?"

"ಹೌದು."

ಬರೆದೆ. ಜನವರಿಯಲ್ಲಿ ಏನಾಯಿತು, ಬಲಗೈ ಹೇಗಿದೆ, ಮಾತು ಎಷ್ಟಿದೆ. ಸೂರ ಬದುಕುತ್ತಾನೆ ಎಂದು ಬರೆದದ್ದು ನಾನು, ಅವನಲ್ಲ. ಈ ಪುಟ ಎಡಗೈಯದ್ದು. ಕೆಳಗೆ 'ಶಾಂಭವಿ, ಹೃಷಿಕೇಶನ ಅಕ್ಕ' ಎಂದು ಹೆಸರು ಹಾಕಿದೆ. ಅವನಿಗೆ ಓದಿ ಹೇಳಿ ಕಳಿಸಿದೆ.

ಅಷ್ಟು ಹೊತ್ತು ಕೂಗಾಡುತ್ತಿದ್ದ ಫೋನು ಒಮ್ಮೆಲೇ ಸುಮ್ಮನಾಯಿತು. ನನಗೆ ಭಯವಾಯಿತು. ಇನ್ನು ಬರುವುದೆಲ್ಲ ಅಯ್ಯೋ ಪಾಪ ಎಂಬ ಮಾತುಗಳು, ಬೇಗ ಗುಣವಾಗಲಿ ಎಂಬ ಹೂಗುಚ್ಛಗಳು. ಇವನು ಬೇಡವೆಂದದ್ದು ಅದಕ್ಕೇ ಇರಬೇಕು. ಮನೀಶ್ ಎದ್ದು ನೀರು ಕುಡಿದು ಬಂದ.

ಮೊದಲ ಉತ್ತರ ಗಗನಸಖಿಯದು. ಮನೀಶ್ ಓದಿದ:

'ಅಕ್ಕ, ಹೇಳಿದ್ದು ಒಳ್ಳೆಯದಾಯಿತು. ಈಗ ಮತ್ತೆ ಚಿತ್ರ ನೋಡಿದೆ. ಹೆಬ್ಬೆರಳು ಬಲಕ್ಕಿದೆ, ಅಂದರೆ ಸೂರ ಚಾಚಿದ್ದೂ ಎಡಗೈಯೇ. ಹಾಗಾದರೆ ಅವನ ಬಲಗೈಯಲ್ಲಿ ಏನಿದೆ? ಸರ್ ಹತ್ತಿರ ಕೇಳಿ.'

ಅದರ ಕೆಳಗೆ ಆಗಲೇ ಶುರುವಾಗಿತ್ತು. ಹಗ್ಗದ ತುಂಡು ಎಂದು ಒಬ್ಬರು. ಏನೂ ಇಲ್ಲ, ಕೈಗೆ ಪೆಟ್ಟಾಗಿದೆ ಎಂದು ಒಬ್ಬರು. ಆಂಟೆನಾ ಎಂದು ಒಬ್ಬರು. ಆಂಟೆನಾ ಅಷ್ಟು ಸಣ್ಣದಿರಲು ಸಾಧ್ಯವೇ ಇಲ್ಲ ಎಂದು ಇನ್ನೊಬ್ಬರು. ಮನೀಶನ ಬೆರಳುಗಳೂ ಚಡಪಡಿಸುತ್ತಿದ್ದವು, ಅವನಿಗೂ ಏನೋ ಬರೆಯಬೇಕಾಗಿತ್ತು.

ಹೃಷಿ ತನ್ನ ಮಡಿಲನ್ನು ನೋಡಿದ. ಬಲಗೈ ಅಲ್ಲಿ ಬೆರಳು ಮಡಚಿಕೊಂಡು ಮಲಗಿತ್ತು. ಬಹಳ ಹೊತ್ತು ಅದನ್ನೇ ನೋಡುತ್ತಿದ್ದ.

"ಕಾಂಬ" ಎಂದ.

ನಾನು 'ನೋಡೋಣ' ಎಂದು ಬರೆದೆ. ಅವನು ಬಗ್ಗಿ ಪರದೆ ನೋಡಿ "ಅಲ್ಲ" ಎಂದ. ಅಳಿಸಿ, ಅವನು ಹೇಳಿದ ಹಾಗೆಯೇ 'ಕಾಂಬ' ಎಂದು ಬರೆದು ಕಳಿಸಿದೆ.